ಕುರಿಯಿಲ್ಲದ ಮಟನ್ ಸಾರು

ಸೋಯಾ ಚಂಕ್ಸ್ ಎಂಬ ಪದಾರ್ಥವನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದಾಗ ನನಗೆ ಐವತ್ತಾರು ವರ್ಷ. ಅಲ್ಲಿಯವರೆಗೆ ಅದರ ಹಂಗಿಲ್ಲದೆ ಬದುಕಿದ್ದೆ, ಚೆನ್ನಾಗಿಯೇ ಬದುಕಿದ್ದೆ. ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ಆಗಷ್ಟೇ ಸ್ವಯಂನಿವೃತ್ತಿ ತೆಗೆದುಕೊಂಡಿದ್ದೆ. ನಮ್ಮ ಯಜಮಾನರದು ಕೊಬ್ಬರಿ ವ್ಯಾಪಾರ. ಒಂದು ಸಂಜೆ ಮಂಡಿಯಿಂದ ಬಂದವರು ಕೈಚೀಲದಿಂದ ಪೊಟ್ಟಣ ತೆಗೆದು ಅಡುಗೆಕಟ್ಟೆಯ ಮೇಲಿಟ್ಟರು. ಒಳಗೆ ಕಂದುಬಣ್ಣದ, ಒಣಗಿದ, ಹಗುರವಾದ ಉಂಡೆಗಳು.

"ಡಾಕ್ಟ್ರು ಹೇಳಿದ್ರು ಕಣೇ. ವಯಸ್ಸಾದ್ಮೇಲೆ ಪ್ರೋಟೀನ್ ಬೇಕಂತೆ."

"ಹುರುಳೀಕಾಳಲ್ಲಿ ಪ್ರೋಟೀನ್ ಇಲ್ವಾ? ಅವರೆಕಾಳಲ್ಲಿ ಇಲ್ವಾ? ಮೂವತ್ತು ವರ್ಷ ಅದನ್ನೇ ಬೋರ್ಡ್ ಮೇಲೆ ಬರೆದಿದ್ದೀನಲ್ರೀ ನಾನು."

"ಅದಲ್ಲ ಕಣೇ, ಇದು ಬೇರೆ ಥರ."

ಬೇರೆ ಥರವೇ ಹೌದು. ಬಿಸಿನೀರಿಗೆ ಹಾಕಿದರೆ ಎರಡರಷ್ಟು ಊದಿಕೊಂಡವು. ಹಿಂಡಿದರೆ ನೊರೆನೊರೆ ನೀರು ಬಂತು. ವಾಸನೆಯೋ, ದನಕ್ಕೆಂದು ನೆನೆಸಿಟ್ಟ ಹಿಂಡಿಯದು. ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಟ್ಟನ್ನೇ ಯಂತ್ರಕ್ಕೆ ಹಾಕಿ ಉಂಡೆ ಮಾಡುತ್ತಾರೆ. ಎರಡು ಸಲ ತೊಳೆದೆ, ಮೂರು ಸಲ ಹಿಂಡಿದೆ. ಹಲ್ಲಿಗೆ ಸಿಕ್ಕಾಗ ಕಿರ್ ಕಿರ್ ಎನ್ನುವ ಆ ವಸ್ತುವಿಗೆ ಸ್ವಂತದ್ದೊಂದು ರುಚಿಯಿಲ್ಲ. ಹಾಕಿದ ಉಪ್ಪನ್ನೂ ಖಾರವನ್ನೂ ಹೀರಿಕೊಂಡು ಉಬ್ಬಿ ಕೂರುತ್ತದೆ. ಅಂಥ ಮನುಷ್ಯರನ್ನು ಸ್ಟಾಫ್ ರೂಮಿನಲ್ಲಿ ಸಾಕಷ್ಟು ನೋಡಿದ್ದ ನನಗೆ ಅದನ್ನು ಕಂಡ ಕೂಡಲೇ ಆಗಲಿಲ್ಲ.

ವಿಚಿತ್ರವೆಂದರೆ ಅವತ್ತು ಯಜಮಾನರು ಅಡುಗೆಮನೆಯಲ್ಲೇ ನಿಂತುಬಿಟ್ಟರು. ಮದುವೆಯಾದಾಗಿನಿಂದ ಬೆಂಕಿಪೊಟ್ಟಣ ಹುಡುಕುವುದಕ್ಕೆ ಬಿಟ್ಟರೆ ಅವರು ಆ ಕಡೆ ತಲೆ ಹಾಕಿದವರಲ್ಲ. ಈಗ ಮಸಾಲೆ ಹೇಳಿಕೊಡತೊಡಗಿದರು. ಹಸಿ ತೆಂಗಿನಕಾಯಿ, ಗಸಗಸೆ, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ ಸ್ವಲ್ಪ ಮುಂದಾಗಿಯೇ ಇರಲಿ. ಕೊತ್ತಂಬರಿ ಸೊಪ್ಪಿನ ಜೊತೆಗೆ ನಾಲ್ಕೆಸಳು ಪುದೀನ. ಈರುಳ್ಳಿ ಬಾಡಿಸಿ ರುಬ್ಬಬೇಕು, ಹಸಿಯದು ರುಬ್ಬಬಾರದು.

"ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ಮೊಬೈಲಲ್ಲಿ ಬರುತ್ತೆ ಕಣೇ ಈಗ."

ನಂಬಿದೆ. ಮೊಬೈಲಿನಲ್ಲಿ ಏನು ತಾನೇ ಬರುವುದಿಲ್ಲ?

ಅಲ್ಲಿಂದ ವಾರಕ್ಕೆರಡು ಸಲ ನಮ್ಮ ಮನೆಯಲ್ಲಿ ಸೋಯಾ ಸಾರು. ಯಜಮಾನರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ಉಂಡೆ ಮೆತ್ತಗಾಯಿತು ಅಂದರು, ಆಮೇಲೆ ಗಟ್ಟಿಯಾಯಿತು ಅಂದರು. ಎಳೆ ಹಲಸಿನಕಾಯಿ ತಂದರು, ಅದರ ಅಂಟು ಬಿಡಿಸಿ ನನ್ನ ಕೈ ಎರಡು ದಿನ ಜಿಗುಟು. ಅಣಬೆ ತಂದರು. ಸಾರಿಗೆ ನುಗ್ಗೆಕಾಯಿ ಹಾಕು, ಚಿಕ್ಕದಾಗಿ ಬೇಡ, ಬೆರಳುದ್ದ ಇರಲಿ ಅಂದರು. ಹಾಕಿದರೆ ಆ ತುಂಡನ್ನು ಕೈಯಲ್ಲಿ ಹಿಡಿದು, ಒಂದು ತುದಿಯನ್ನು ತುಟಿಗಿಟ್ಟು, ಕಣ್ಣುಮುಚ್ಚಿ ಚೀಪುತ್ತಿದ್ದರು. ನುಗ್ಗೆಕಾಯನ್ನು ಯಾರೂ ಹಾಗೆ ತಿನ್ನುವುದಿಲ್ಲ. ಹಲ್ಲಿನಿಂದ ಸೀಳಿ, ತಿರುಳು ಎಳೆದು, ನಾರು ಬಿಡುತ್ತೇವೆ. ಇವರದು ಬೇರೆಯದೇ ವರಸೆ. ನೋಡುತ್ತಿದ್ದೆ, ಆದರೆ ನೋಡಿದ್ದು ತಲೆಗೆ ಹೋಗಲಿಲ್ಲ. ವಿಜ್ಞಾನದ ಮೇಷ್ಟ್ರು ನಾನು, ಕಣ್ಣೆದುರಿನ ಸಾಕ್ಷಿಯನ್ನು ಓದಲಾರದವಳು.

ಅತ್ತೆಗೆ ಎಂಬತ್ತಮೂರು. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ಅವರು ಮೊದಲ ದಿನವೇ ಬಟ್ಟಲು ದೂರ ತಳ್ಳಿದರು. "ತಿನ್ನೋರು ತಿಂತಾರೆ, ತಿನ್ನದೇ ಇದ್ದೋರು ಬಿಡ್ತಾರೆ. ತಿಂದಂಗೆ ಆಟ ಆಡೋ ದರ್ದು ಏನೇ ನಮಗೆ?" ಅಂದರು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ಕುರಿಯನ್ನು ಕೊಲ್ಲಬಾರದು ಅನ್ನುವುದನ್ನು ಒಪ್ಪುತ್ತೇನೆ, ಹಾಗೆಯೇ ಬೆಳೆದವಳು. ಕೊಂದು ತಿನ್ನುವವರನ್ನೂ ಜರಿಯುವುದಿಲ್ಲ. ಕೊಲ್ಲುವುದೂ ಬೇಡ, ಕೊಂದು ತಿಂದ ಸುಖ ಮಾತ್ರ ಬಿಡಲಾರೆ ಎನ್ನುವ ಈ ನಡುವಿನ ಜಾತಿಗೆ ಏನು ಹೇಳುವುದು?

ಇದೆಲ್ಲ ಶುರುವಾಗುವ ಮುಂಚಿನ ತಿಂಗಳು ಯಜಮಾನರನ್ನು ಮಠವೊಂದರ ವಿದ್ಯಾರ್ಥಿನಿಲಯದ ಸಮಿತಿಗೆ ಸೇರಿಸಿಕೊಂಡಿದ್ದರು. ಬಿಳಿ ಜುಬ್ಬಾ ಹೊಲಿಸಿಕೊಂಡರು. ಹಣೆಯ ವಿಭೂತಿ ಒಂದು ಬೆರಳಗಲ ಹೆಚ್ಚಾಯಿತು. ಮಕ್ಕಳಿಗೆ ಸಾತ್ವಿಕ ಆಹಾರದ ಬಗ್ಗೆ ಭಾಷಣ ಮಾಡಿ ಬಂದು, ಅದೇ ಜುಬ್ಬಾದಲ್ಲೇ ಕೂತು ನುಗ್ಗೆಕಾಯಿ ಚೀಪುತ್ತಿದ್ದರು. ಈ ಎರಡಕ್ಕೂ ಸಂಬಂಧವಿದೆ ಎಂದು ನನಗೆ ಆಗ ಹೊಳೆಯಲಿಲ್ಲ.

ಕೊನೆಗೊಂದು ದಿನ ಬೆಂಗಳೂರಿನಿಂದ ಥರ್ಮೊಕೋಲ್ ಡಬ್ಬಿ ಬಂತು. ಒಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ಪ್ಲಾಸ್ಟಿಕ್ ಪೊಟ್ಟಣ. ಮೇಲೆ ಸಸ್ಯಾಹಾರದ ಹಸಿರು ಚುಕ್ಕಿ, ಪಕ್ಕದಲ್ಲೇ ಹಲ್ಲುಬಿಟ್ಟು ನಗುತ್ತಿರುವ ಒಂದು ಆಡಿನ ಚಿತ್ರ. 'ವೆಜ್ ಮಟನ್' ಅಂತೆ. ಬಿಡಿಸಿ ನೋಡಿದರೆ ಕೆಂಪಗಿನ ತುಂಡುಗಳು. ಎಳೆದರೆ ನಾರುನಾರಾಗಿ ಬಿಚ್ಚಿಕೊಳ್ಳುತ್ತಿದ್ದವು. ಅಲ್ಲಲ್ಲಿ ಬಿಳಿ ಕೊಬ್ಬಿನ ಹಾಗೆ ಏನೋ ಮೆತ್ತಿದ್ದರು. ಅತ್ತೆ ಬಾಗಿಲಿನಿಂದ ಇಣುಕಿ, "ಅಯ್ಯೋ ಶಿವನೇ, ಏನೇ ಅದು?" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋದರು. ಎಷ್ಟು ಬುದ್ಧಿವಂತರು ಎಷ್ಟು ದಿನ ಕೂತು, ಬಟಾಣಿ ಹಿಟ್ಟಿಗೆ ಸತ್ತ ಪ್ರಾಣಿಯ ಕಳೆ ತಂದಿದ್ದರೋ! ಆ ಬುದ್ಧಿಯನ್ನು ಬೇರೆ ಯಾವುದಕ್ಕಾದರೂ ಬಳಸಬಹುದಿತ್ತು.

ಅದನ್ನು ಬೇಯಿಸಬೇಕಾಗಿದ್ದು ಒಂದು ಭಾನುವಾರ. ಯಜಮಾನರ ಗೆಳೆಯರೊಬ್ಬರು ಹೆಂಡತಿಯ ಜೊತೆ ಊಟಕ್ಕೆ ಬರುವವರಿದ್ದರು. ಯಜಮಾನರೂ ಆ ಗೆಳೆಯರೂ ಕಾಲೇಜಿನಲ್ಲಿ ಜೊತೆಗೆ ಓದಿದವರು. ಗೆಳೆಯರದು ಹಗರೆ, ರಾಗಿ ಬೆಳೆಯುವ ಗೌಡರ ಮನೆ, ಕೊಟ್ಟಿಗೆಯಲ್ಲಿ ಆರು ಹಸು. ಯಜಮಾನರು ಪ್ರತಿ ಮಂಗಳವಾರ ತೆಂಗಿನಕಾಯಿ ಖರೀದಿಗೆಂದು ಬೇಲೂರಿನ ಕಡೆ ಹೋದಾಗ ಮಧ್ಯಾಹ್ನದ ಊಟ ಅವರ ಮನೆಯಲ್ಲೇ ಎಂದು ನನಗೆ ಗೊತ್ತಿತ್ತು. ಮುದ್ದೆ, ಸೊಪ್ಪಿನ ಸಾರು ಎಂದು ಹೇಳುತ್ತಿದ್ದರು. ಅಷ್ಟು ವರ್ಷ ಉಪಚರಿಸಿದವರಿಗೆ ಒಂದು ಹೊತ್ತು ಬಡಿಸುವುದು ನನಗೂ ಸಂತೋಷವೇ.

ಬೆಳಗ್ಗೆಯಿಂದ ರುಬ್ಬಿ, ಬೇಯಿಸಿ, ಮುದ್ದೆ ಕಟ್ಟಿ ತಟ್ಟೆ ಇಟ್ಟೆ. ಯಜಮಾನರು ಎದೆಯುಬ್ಬಿಸಿಕೊಂಡು ತಾವೇ ಸೌಟು ಹಿಡಿದು ಗೆಳೆಯರಿಗೆ ತುಂಡು ಹಾಕಿದರು.

"ತಿನ್ನು. ತಿಂದು ಹೇಳು, ವ್ಯತ್ಯಾಸ ಗೊತ್ತಾಗ್ತದಾ ಅಂತ."

ಗೆಳೆಯರು ಒಂದು ತುಂಡು ಬಾಯಿಗಿಟ್ಟು ಅಗಿದರು. ಅಗಿಯುತ್ತಲೇ ಇದ್ದರು. ಆಮೇಲೆ ಗೋಡೆ ನೋಡಿದರು.

"ಏನ್ಲಾ ಇದು, ಗೋಣಿತಾಟು ಬೇಯ್ಸಿದಂಗೈತೆ!"

ಪಕ್ಕದಲ್ಲಿದ್ದ ಹೆಂಡತಿ ಅವರಿಗೆ ಮೊಣಕೈಯಲ್ಲಿ ತಿವಿದಳು. ನನ್ನ ಕಡೆ ತಿರುಗಿ, ನನಗೆ ಬೇಸರವಾಗಬಾರದೆಂದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು:

"ಅಕ್ಕಾ, ಸಾರು ಮಾತ್ರ ನಮ್ಮನೆ ಸಾರೇ ಕಣಕ್ಕ. ಅಣ್ಣೋರು ಬರ್ಕೊಂಡೋಗಿದ್ರಲ್ಲ, ಒಂದೂ ಬಿಟ್ಟಿಲ್ಲ ನೀವು."

"ಬರ್ಕೊಂಡು ಬಂದಿದ್ರಾ?"

"ಊಂ ಕಣಕ್ಕ, ನಾನೇ ಹೇಳಿ ಬರೆಸ್ದೆ. ಇಪ್ಪತ್ತು ವರ್ಷದಿಂದ ನಮ್ಮನೇಲಿ ಉಂಡೋರು, ಒಂದೇ ಸಲಕ್ಕೆ ಕುರಿ ಬಾಡು ಬಿಟ್ಬಿಟ್ರಲ್ಲ. ನಾಲಿಗೆ ಕೇಳಲ್ಲ ಕಣಮ್ಮ, ಮನೇಲೇ ಏನಾರ ಮಾಡಿಸ್ಕೊತೀನಿ ಅಂದ್ರು..."

ಅಷ್ಟರಲ್ಲಿ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಮುದ್ದೆಯ ತುತ್ತು ತಟ್ಟೆಗೆ ಮರಳಿತು. ನನಗೆ ಗೊತ್ತಿದೆ ಎಂದುಕೊಂಡಿದ್ದಳು, ಪಾಪ. ಗೆಳೆಯರು ಕೆಮ್ಮಿದರು. ಯಜಮಾನರು ತಲೆ ಬಗ್ಗಿಸಿ, ತಟ್ಟೆಯಲ್ಲಿದ್ದ ನುಗ್ಗೆಕಾಯಿಯನ್ನು ಅದೇನೋ ದಸ್ತಾವೇಜು ಎನ್ನುವ ಹಾಗೆ ನೋಡುತ್ತಿದ್ದರು.

"ಇನ್ನೊಂದು ಮುದ್ದೆ ಹಾಕ್ಲಾ?" ಎಂದು ಅವಳನ್ನು ಕೇಳಿದೆ.

ಅವರು ಹೊರಟ ಮೇಲೆ ಪಾತ್ರೆ ಎತ್ತುವುದನ್ನೂ ಬಿಟ್ಟು ಯಜಮಾನರ ಎದುರು ಕುರ್ಚಿ ಎಳೆದುಕೊಂಡು ಕೂತೆ. ಅವರೇ ಮೊದಲು ಬಾಯಿಬಿಟ್ಟರು.

"ಹೊರಗಡೆ ತಿಂದಿದ್ದು ಕಣೇ. ಮನೆ ಒಳಕ್ಕೆ ಯಾವತ್ತೂ ತರ್ಲಿಲ್ಲ."

"ತಂದ್ರಿ. ನನ್ನ ಕೈಯಲ್ಲೇ ಮಾಡಿಸಿದ್ರಿ."

"ಅದು ಸೋಯಾ."

"ನಾನೂ ಅದನ್ನೇ ಹೇಳ್ತಿರೋದು."

ಸುಳ್ಳು ನನ್ನ ಒಲೆಗೆ ಬಂದದ್ದೇ ನನ್ನ ದೂರು ಎಂದು ಅವರಿಗೆ ಅರ್ಥವಾಗಲಿಲ್ಲ. "ಯಾಕೆ ಬಿಟ್ರಿ?" ಎಂದು ಕೇಳಿದೆ. ಕುರಿಯ ಮೇಲೆ ಕನಿಕರ ಹುಟ್ಟಿತು ಎನ್ನಲಿ, ವಯಸ್ಸಾಯಿತು, ದೇವರ ಭಯ ಬಂತು ಎನ್ನಲಿ, ಏನಾದರೊಂದು ಮರ್ಯಾದೆಯ ಕಾರಣ ಹೇಳಲಿ ಎಂದು ನಿಜವಾಗಿಯೂ ಆಸೆಪಟ್ಟೆ.

"ಕಮಿಟೀಲಿದ್ದೀನಲ್ಲೇ. ಹಗರೆ ರೋಡಲ್ಲಿ ಬಸ್ಸು ಓಡಾಡ್ತವೆ, ನಮ್ಮೋರು ಇರ್ತಾರೆ. ಯಾರಾದ್ರೂ ಕಂಡು ಫೋಟೊ ಹೊಡೆದ್ರೆ?"

ಇಷ್ಟೇ. ಇಪ್ಪತ್ತು ವರ್ಷದ ರುಚಿಯನ್ನು ಅವರು ಬಿಟ್ಟದ್ದು ಒಂದು ಫೋಟೊಗೆ ಹೆದರಿ.

ಆಗ ನನಗೆ ಕೆಲವು ವರ್ಷದ ಹಿಂದೆ ನಮ್ಮ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ ನೆನಪಾದಳು. ಗೆಂಡೆಹಳ್ಳಿ ಕಡೆಯವಳು, ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ ಬಂದು ಸಣ್ಣ ಸ್ಟವ್ ಮೇಲೆ ಎರಡು ಮೊಟ್ಟೆ ಬೇಯಿಸಿಕೊಂಡಿದ್ದಳು. ಮೆಟ್ಟಿಲಲ್ಲಿ ವಾಸನೆ ಹಿಡಿದವಳು ನಾನು. ಓಡಿಬಂದು ಹೇಳಿದವಳೂ ನಾನೇ. ಯಜಮಾನರು ಮೆಟ್ಟಿಲ ಬುಡದಲ್ಲಿ ನಿಂತು, "ಲಿಂಗಪೂಜೆ ನಡೆಯೋ ಮನೆ ಇದು. ವಾರದೊಳಗೆ ಬೇರೆ ಕಡೆ ನೋಡ್ಕೋ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದರು. ಹುಡುಗಿ ಬೇಯಿಸಿದ ಮೊಟ್ಟೆಗಳನ್ನು ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಕೆಳಗಿಳಿದು ಹೋಗಿದ್ದಳು. ಯಜಮಾನರು ಆ ವಾರವೂ ಬೇಲೂರಿಗೆ ಹೋಗಿ ಬಂದಿದ್ದರು, ಅವರು ತಪ್ಪಿಸಿದ ಮಂಗಳವಾರವೇ ಇರಲಿಲ್ಲ.

"ಆ ಹುಡುಗಿ ನೆನಪಿದ್ದಾಳಾ?" ಎಂದೆ.

"ಯಾವ ಹುಡುಗಿ?" ಎಂದರು. ನಿಜವಾಗಿಯೂ ಮರೆತಿದ್ದರು.

ಎದ್ದು ಅಡುಗೆಮನೆಗೆ ಹೋಗಿ ಉಳಿದಿದ್ದ ಪೊಟ್ಟಣಗಳನ್ನೆಲ್ಲ ತೆಗೆದು ಅವರ ಮುಂದಿಟ್ಟೆ. "ಇನ್ನುಮುಂದೆ ನಿಮಗೆ ಬೇಕಾದ್ರೆ ನೀವೇ ಬೇಯಿಸ್ಕೊಳ್ಳಿ. ನನ್ನ ಕೈಯಿಂದ ಆಗಲ್ಲ."

ಅತ್ತೆಯ ಹತ್ತಿರ ಹೇಳಬೇಕೋ ಬೇಡವೋ ಎಂದು ಎರಡು ದಿನ ತಿಣುಕಾಡಿ, ಮೂರನೆಯ ದಿನ ಅವರ ತಲೆಗೆ ಎಣ್ಣೆ ಹಚ್ಚುವಾಗ ಹೇಳಿದೆ. ಅವರು ಕಣ್ಣು ಕೂಡ ತೆರೆಯಲಿಲ್ಲ.

"ಗೊತ್ತಿತ್ತು ಕಣೇ. ನೀನು ಈ ಮನೆಗೆ ಬರೋಕ್ ಮುಂಚೆ ಅವನ ಅಂಗಿ ಒಗೀತಿದ್ದೋಳು ನಾನಲ್ವಾ? ಕಾಲೇಜ್ ಕಾಲದಿಂದ್ಲೂ ಅವನ ತೋಳಲ್ಲಿ ಆ ವಾಸನೆ ಇತ್ತು."

"ನನಗ್ಯಾಕೆ ಹೇಳ್ಲಿಲ್ಲ ನೀವು?"

"ಹೇಳಿ ಏನ್ ಮಾಡೋದಿತ್ತು? ನಾನೂ ಅವನನ್ನ ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ. ಹಂಗೇ ನಡ್ಕೊಂಡ್ ಬಂತು."

ಅವರ ತಲೆಯ ಮೇಲಿದ್ದ ನನ್ನ ಕೈ ನಿಂತುಹೋಯಿತು. ಗೊತ್ತಿದ್ದೂ ಈ ಹೆಂಗಸು ಮೊಟ್ಟೆ ಬೇಯಿಸಿದ ಹುಡುಗಿ ಹೋದ ಮೇಲೆ ಮೆಟ್ಟಿಲಿಗೆ ಗಂಜಲ ಚಿಮುಕಿಸಿದ್ದರು. ಹಾಗಾದರೆ ಈ ಮನೆಯಲ್ಲಿ ಯಾರು ಶುದ್ಧ? ಗೊತ್ತಿಲ್ಲದೆ ಕುಣಿದ ನಾನೇ ಎಲ್ಲರಿಗಿಂತ ದೊಡ್ಡ ದಡ್ಡಿ. ಅವತ್ತು ನನಗೆ ಮೂವರ ಮೇಲೂ ಒಂದೇ ಸಮನೆ ಹೇಸಿಗೆಯಾಯಿತು.

ನರ್ಸ್ ಹುಡುಗಿಯ ನಂಬರು ಹುಡುಕಿ ಫೋನ್ ಮಾಡಿದೆ. ಅವಳು ಹಾಸನದಲ್ಲಿದ್ದಳು, ಮದುವೆಯಾಗಿತ್ತು. ತಪ್ಪಾಯಿತು ಎಂದು ಹೇಳಬೇಕಾದದ್ದನ್ನು ನಾನು ಸುತ್ತಿ ಬಳಸಿ ಹೇಳಿದೆ. "ಪರವಾಗಿಲ್ಲ ಆಂಟಿ. ಡ್ಯೂಟಿಯಲ್ಲಿದ್ದೀನಿ, ಇಡ್ತೀನಿ" ಎಂದಳು. ನನಗೆ ಸಲ್ಲಬೇಕಾದಷ್ಟನ್ನು ಅಳೆದು ಕೊಟ್ಟಿದ್ದಳು. ಮತ್ತೆ ಮಾಡಲಿಲ್ಲ.

ಯಜಮಾನರು ಹಟಕ್ಕೆ ಬಿದ್ದು ಎರಡು ಸಲ ಸೋಯಾ ಬೇಯಿಸಿಕೊಂಡರು. ಹಿಂಡಬೇಕೆಂದು ಗೊತ್ತಿರಲಿಲ್ಲ. ನೀರು ತುಂಬಿಕೊಂಡ ಉಂಡೆಗಳನ್ನು ಹಾಗೆಯೇ ಸಾರಿಗೆ ಹಾಕಿ, ಬೆಂಚಿನ ಮೇಲೆ ಒಬ್ಬರೇ ಕೂತು, ಒಂದೊಂದು ಕಚ್ಚಿದಾಗಲೂ ಜುಬ್ಬಾದ ಮೇಲೆ ಸೋರಿಸಿಕೊಂಡು ತಿಂದರು. ಮೂರನೆಯ ಸಲ ಪೊಟ್ಟಣವನ್ನು ಎತ್ತಿ ಅಟ್ಟದ ಮೇಲಿಟ್ಟರು. ನಾನು ಒಂದು ಮಾತೂ ಆಡಲಿಲ್ಲ, ಮಾತಾಡದೆ ನೋಡುತ್ತಿರುವುದರಲ್ಲಿ ಎಷ್ಟು ತಾತ್ಸಾರ ತುಂಬಬಹುದು ಎಂಬುದು ತರಗತಿಯಲ್ಲಿ ಕಲಿತ ವಿದ್ಯೆ.

ಹದಿನೈದು ದಿನ ಕಳೆದ ಮೇಲೆ ಹಳೇಬೀಡಿನ ತವರಿಗೆ ಹೋದೆ. ಅಣ್ಣನ ಮನೆಯಲ್ಲಿ ಒಂದು ದಿನ ಇದ್ದು, ಮರುದಿನ ಯಾರಿಗೂ ಹೇಳದೆ ಹಗರೆಯ ಬಸ್ಸು ಹತ್ತಿದೆ. ಜಗಳವಾಡಲು ಹೋದೆನೋ ಕ್ಷಮೆ ಕೇಳಲು ಹೋದೆನೋ, ಬಸ್ಸಿನಲ್ಲಿ ಕೂತಾಗಲೂ ತೀರ್ಮಾನವಾಗಿರಲಿಲ್ಲ.

ಗೆಳೆಯರ ಹೆಂಡತಿ ಕೊಟ್ಟಿಗೆಯಲ್ಲಿದ್ದಳು. ನನ್ನನ್ನು ಕಂಡು ಗಾಬರಿಯಾಗಿ ಕೈಯಲ್ಲಿದ್ದ ಪೊರಕೆ ಬಿಟ್ಟಳು.

"ಅಕ್ಕಾ, ತಪ್ಪಾಯ್ತು ಕಣಕ್ಕ. ನಿಮಗೆ ಗೊತ್ತೈತೆ ಅಂದ್ಕೊಂಡಿದ್ದೆ ದೇವರಾಣೆ."

"ನಿಂದೇನು ತಪ್ಪು? ನೀನು ಬೇಯಿಸಿ ಹಾಕಿದ್ದೀಯ. ಸುಳ್ಳು ಹೇಳಿಲ್ಲ."

ಒಳಗೆ ಕರೆದುಕೊಂಡು ಹೋದಳು. ಊಟದ ಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರೊಳಗೆ ಮಡಿಸಿಟ್ಟ ಬಿಳಿ ಬಟ್ಟೆ. ನಾನು ನೋಡುತ್ತಿರುವುದನ್ನು ಗಮನಿಸಿ, ಹೇಳಲೋ ಬೇಡವೋ ಎಂದು ತಡೆದು, ಕೊನೆಗೆ ಹೇಳಿದಳು.

"ಅಣ್ಣೋರು ಉಣ್ಣಕ್ ಕೂರೋ ಮುಂಚೆ ಕತ್ತಲ್ಲಿರೋ ಲಿಂಗದ ಕರಡಿಗೆ ತೆಗೆದು ಅಲ್ಲಿ ಮಡಗೋರು. ಬರೀ ಕಲ್ಲಿನ ಮೇಲೆ ಬೇಡ ಅಂತ ನಾನೇ ಆ ಬಟ್ಟೆ ಹಾಸಿದ್ದೆ. ಪ್ರತಿ ಸೋಮವಾರ ಒಗೆದು ಹಾಕೀನಿ. ಉಂಡು, ಹಿತ್ಲಾಗೆ ಸ್ನಾನ ಮಾಡಿ, ಆಮೇಲೇ ತಿರ್ಗ ಹಾಕ್ಕೊಳೋರು."

ಲಿಂಗವನ್ನು ಮೈಯಿಂದ ಅಗಲಿಸಬಾರದೆಂದು ನಮಗೆ ಮಗುವಾಗಿದ್ದಾಗಲೇ ಹೇಳಿರುತ್ತಾರೆ. ಇಪ್ಪತ್ತು ವರ್ಷ, ವಾರಕ್ಕೊಮ್ಮೆ, ಈ ಮನುಷ್ಯ ಇಲ್ಲಿ ನಿಂತು ಅದನ್ನು ಬಿಚ್ಚಿಟ್ಟಿದ್ದರು. ಹೆದರಿ ಹೆದರಿ ಬಿಚ್ಚಿಟ್ಟಿರಬೇಕು. ಒಂದು ಕ್ಷಣ ಅವರ ಮೇಲೆ ಮರುಕ ಹುಟ್ಟಿತು. ಅದರ ಹಿಂದೆಯೇ ಸಿಟ್ಟು ಬಂತು. ಬೇರೆ ಜಾತಿಯ ಈ ಹೆಂಗಸಿಗೆ ತೋರಿಸಿಕೊಳ್ಳಬಲ್ಲ ಆ ಹೆದರಿಕೆಯನ್ನು ನನ್ನೊಬ್ಬಳಿಂದ ಮುಚ್ಚಿಟ್ಟಿದ್ದರು. ಆಮೇಲೆ ಯೋಚಿಸಿದೆ: ಮೆಟ್ಟಿಲಲ್ಲಿ ಮೊಟ್ಟೆಯ ವಾಸನೆ ಹಿಡಿದು ಓಡಿಬಂದ ಹೆಂಡತಿಗೆ ಯಾರು ತಾನೇ ಏನು ಹೇಳಿಯಾರು?

ಆ ದಿನ ಅವರ ಮನೆಯಲ್ಲಿ ಬಾಡೂಟ. ಅವಳು ಹಿತ್ತಿಲ ಒಲೆಯ ಮೇಲಿದ್ದ ಪಾತ್ರೆಯನ್ನು ಮುಚ್ಚಲು ಹೋದಳು. "ಬೇಡ, ನೋಡ್ತೀನಿ" ಎಂದೆ. ಮುಚ್ಚಳ ತೆಗೆದಳು. ನನ್ನ ಮಸಾಲೆಯದೇ ವಾಸನೆ, ಅದರ ಕೆಳಗೆ ನಾನೆಂದೂ ಕಾಣದ ಇನ್ನೊಂದು ವಾಸನೆ. ಕುದಿಯುವ ಸಾರಿನಲ್ಲಿ ಬೆರಳುದ್ದದ ಮೂಳೆ, ಯಜಮಾನರು ಚೀಪುತ್ತಿದ್ದ ನುಗ್ಗೆಕಾಯಿಯ ಹಾಗೆಯೇ, ತೇಲಿ ಮುಳುಗುತ್ತಿತ್ತು. ಒಂದು ಹೆಜ್ಜೆ ಹಿಂದೆ ಸರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಸಹ್ಯವೆನಿಸಲಿಲ್ಲ. ಅಲ್ಲಿದ್ದದ್ದು ಕುರಿ. ಅದನ್ನು ಕುರಿ ಎಂದೇ ಬೇಯಿಸುತ್ತಿದ್ದರು, ತಿನ್ನುವಾಗಲೂ ಕುರಿ ಎಂದೇ ತಿನ್ನುತ್ತಿದ್ದರು. ನನ್ನ ಅಡುಗೆಮನೆಯಲ್ಲಿ ಅಷ್ಟು ತಿಂಗಳು ಕುದಿದದ್ದಕ್ಕೆ ಆ ಮರ್ಯಾದೆ ಇರಲಿಲ್ಲ.

"ಆ ರಬ್ಬರ್ ತುಂಡನ್ನ ನೀವು ಅದೆಂಗೆ ತಿಂದ್ರಕ್ಕ ಅಷ್ಟು ದಿನ?" ಎಂದು ಕೇಳಿದಳು.

"ನಾನೆಲ್ಲಿ ತಿಂದೆ? ಮೊದಲ ದಿನ ಒಂದು ಕಚ್ಚಿ ನೋಡಿದ್ದಷ್ಟೇ. ಆಮೇಲೆ ಸಾರು ಮಾತ್ರ ಉಂಡೆ, ತುಂಡೆಲ್ಲ ಅವರಿಗೆ ಬಡಿಸ್ದೆ" ಎಂದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೂ ತಡೆಯಲಾಗಲಿಲ್ಲ. ಒಳಗಿನ ಒಲೆಯ ಮೇಲೆ ಬೇರೆ ಪಾತ್ರೆ ಇಟ್ಟು ನನಗೆಂದು ಉಪ್ಪುಸಾರು ಮಾಡಿದಳು. ಬಿಸಿಮುದ್ದೆಗೆ ಅವರ ಮನೆಯ ಬೆಣ್ಣೆ ಹಾಕಿಕೊಂಡು ಉಂಡೆ.

ಮನೆಗೆ ಬಂದು ಯಜಮಾನರಿಗೆ ಒಂದೇ ಮಾತು ಹೇಳಿದೆ. "ತಿನ್ನಬೇಕು ಅನ್ನಿಸಿದ್ರೆ ಹೋಗಿ ತಿಂದು ಬನ್ನಿ. ಹೇಳಿ ಹೋಗಿ. ಬಿಡೋದಾದ್ರೆ ಬಿಡಿ. ಎರಡರ ನಡುವೆ ನನ್ನ ಒಲೆ ತರಬೇಡಿ." ಅವರು ಸಮಿತಿಗೆ ರಾಜೀನಾಮೆ ಕೊಡುತ್ತಾರೇನೋ ಎಂದು ಸ್ವಲ್ಪ ದಿನ ಕಾದೆ. ಕೊಡಲಿಲ್ಲ. ಈಗಲೂ ಜುಬ್ಬಾ ತೊಟ್ಟು ಹೋಗಿ ಮಕ್ಕಳಿಗೆ ಸಾತ್ವಿಕ ಆಹಾರದ ಭಾಷಣ ಮಾಡಿ ಬರುತ್ತಾರೆ. ಒಂದು ದಿನ ಭಾಷಣ ಅಭ್ಯಾಸ ಮಾಡುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ಕೇಳಿದೆ. ನನ್ನನ್ನು ಕಂಡವರೇ ಎರಡು ವಾಕ್ಯ ನುಂಗಿದರು. ಮೊದಲಿನ ಗೌರವ ನನಗೆ ಅವರ ಮೇಲೆ ಮರಳಿ ಬಂದಿಲ್ಲ, ಬರುವಂತೆಯೂ ಕಾಣುವುದಿಲ್ಲ. ಆದರೂ ಒಂದೇ ಮನೆಯಲ್ಲಿದ್ದೇವೆ, ಬೆಳಗಿನ ಕಾಫಿ ಜೊತೆಗೇ ಕುಡಿಯುತ್ತೇವೆ.

ಮೊದಮೊದಲು ಬೇಲೂರಿಗೆ ಹೊರಟಾಗ ಚಪ್ಪಲಿ ಹಾಕಿಕೊಳ್ಳುತ್ತ ಸುಮ್ಮನೆ ನಿಲ್ಲುತ್ತಿದ್ದರು. ನಾನೂ ಬಿಡದೆ ಬಾಗಿಲಲ್ಲೇ ನಿಂತಿರುತ್ತಿದ್ದೆ. ಈಗ ನೆಲ ನೋಡಿಕೊಂಡೇ ಆದರೂ ಹೇಳುತ್ತಾರೆ.

"ಇವತ್ತು ಮಧ್ಯಾಹ್ನ ಊಟಕ್ಕೆ ಬರಲ್ಲ ಕಣೇ. ಹಗರೇಲಿ... ಬಾಡೂಟ."

"ಸರಿ" ಎನ್ನುತ್ತೇನೆ.

ಒಳಗಿನಿಂದ ಅತ್ತೆ ಕೂಗಿ ಕೇಳುತ್ತಾರೆ. "ಹೇಳಿ ಹೋದ್ನೇನೇ?"

"ಹೇಳಿದ್ರು."

"ಸದ್ಯ. ಹಂಗಾದ್ರೆ ನಮ್ಮಿಬ್ಬರಿಗೇ ಒಂದು ಪಾವು ಅಕ್ಕಿ ಹಾಕು."